ಹೊಸಿಲು ದಾಟದ ನೀರು

ಸಬ್ ಇನ್‌ಸ್ಪೆಕ್ಟರ್ ಪಾಲಾಕ್ಷ ಟೋಪಿ ತೆಗೆದು ಪಕ್ಕಕ್ಕಿಟ್ಟು, ಸುಟ್ಟ ಮಳಿಗೆಯ ಮುಂದಿನ ಕೆಸರಿನಲ್ಲಿ ಬೋರಲು ಮಲಗಿದ್ದ. ದಾರಿಹೋಕರು ನಿಂತು ನೋಡಿದರು. ಹೊಳೆನರಸೀಪುರದ ಜನ ಪೊಲೀಸಿನವರನ್ನು ಕುರ್ಚಿಯ ಮೇಲೆ ನೋಡಿದ್ದರು, ಸೈಕಲ್ಲಿನ ಮೇಲೆ ನೋಡಿದ್ದರು, ಒಮ್ಮೊಮ್ಮೆ ಬೇರೆಯವರ ಬೆನ್ನಿನ ಮೇಲೂ ನೋಡಿದ್ದರು. ಕೆಸರಿನಲ್ಲಿ ಮಾತ್ರ ಕಂಡಿರಲಿಲ್ಲ.

ಅವನ ಕಣ್ಣು ಹೊಸಿಲಿನ ಕಲ್ಲಿನ ಮೇಲಿತ್ತು.

ನೆರೆ ಇಳಿಯುವಾಗ ಹೇಮಾವತಿ ಕೆಳಪೇಟೆಯ ಗೋಡೆಗಳಿಗೆಲ್ಲ ತನ್ನ ಕೆಂಪು ಗೋಡುಮಣ್ಣು ಬಳಿದು ಹೋಗಿದ್ದಳು. ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಗೆ ಆ ಕೆಂಪು ಮುಗಿದಿತ್ತು. ಎದುರು ಮನೆಯ ಜಗಲಿ ಮುಳುಗಿತ್ತು. ಪಕ್ಕದ ಕುಂಬಾರನ ಮನೆಯೊಳಗೂ ನೀರು ನುಗ್ಗಿ ಹಸಿ ಮಡಕೆಗಳೆಲ್ಲ ಮತ್ತೆ ಮಣ್ಣಾಗಿದ್ದವು. ಈ ಮಳಿಗೆಯದು ಎತ್ತರದ ತಳಪಾಯ. ಇಲ್ಲಿ ಕೆಂಪು ಗೆರೆ ಹೊಸಿಲಿಗಿಂತ ಕೆಳಗೇ ನಿಂತಿತ್ತು.

ಪಾಲಾಕ್ಷ ಗೇಣು ಹಾಕಿ ನೋಡಿದ. ಕಿರುಬೆರಳು ಗೆರೆಯ ಮೇಲಿಟ್ಟರೆ ಹೆಬ್ಬೆರಳು ಹೊಸಿಲಿಗೆ ಮುಟ್ಟಿತು.

ಮೊನ್ನೆ ಸಂಜೆಯಿಂದ ಊರಿಗೆಲ್ಲ ಒಂದೇ ಕಥೆ. ಕೆಂಪಣ್ಣನ ದೋಣಿ ಕಡವಿನಲ್ಲಿ ಹಗ್ಗ ಬಿಚ್ಚಿಕೊಂಡಿತು. ದಡದಲ್ಲಿ ಕಟ್ಟಿಹಾಕಿದ್ದ ಮರದ ದಿಮ್ಮಿಗಳಿಗೆ ಗುದ್ದಿ ಅವನ್ನೂ ಬಿಡಿಸಿತು. ಎರಡೂ ಹೋಗಿ ಸೇತುವೆಯ ಕಣ್ಣುಗಳಿಗೆ ಕಚ್ಚಿಕೊಂಡವು. ನೀರು ಹಿಮ್ಮೆಟ್ಟಿ ಕೆಳಪೇಟೆಗೆ ನುಗ್ಗಿತು. ಸಾಹುಕಾರ ಪಂಚಾಕ್ಷರಯ್ಯನವರ ಈ ಮಳಿಗೆಯಲ್ಲಿದ್ದ ಸುಟ್ಟ ಸುಣ್ಣಕ್ಕೆ ನೀರು ತಗುಲಿ, ಸುಣ್ಣ ಕುದಿದು, ಗೋಣಿಗೆ ಬೆಂಕಿ ಹತ್ತಿತು. ಒಳಗಿದ್ದ ಗುಮಾಸ್ತ ಗುಂಡಯ್ಯ ಸುಟ್ಟುಹೋದ. ಹಗ್ಗದ ಗಂಟಿನಿಂದ ಹೊರಟು ಹೆಣದವರೆಗೆ ಒಂದೇ ಸರಪಳಿ, ಅದರ ಮೊದಲ ಕೊಂಡಿ ಠಾಣೆಯ ಲಾಕಪ್ಪಿನಲ್ಲಿ ಕೂತಿತ್ತು.

"ಅಲ್ಲೇನ್ ಕಾಣ್ತದೆ ಸಾ?"

ಕೆಂಪಣ್ಣನ ಹೆಂಡತಿ ಲಕ್ಕಮ್ಮ. ಸೆರಗಿನಲ್ಲಿ ಮುದ್ದೆಯ ಗಂಟು ಕಟ್ಟಿಕೊಂಡು, ಠಾಣೆಗೆ ಹೋಗುವ ದಾರಿಯಲ್ಲಿ ಇಲ್ಲಿ ನಿಂತಿದ್ದಳು.

"ನೀರು ಎಲ್ಲೀವರೆಗೆ ಬಂದಿತ್ತು ಅಂತ ನೋಡ್ತಿದೀನಿ."

"ಅದ ನಾನೇ ಕಂಡಿವ್ನಲ್ಲ. ಈ ಬೀದೀಲಿ ಮೊಣಕಾಲುದ್ದ ಇತ್ತು."

"ಬೀದೀಲಿ ಇತ್ತು. ಮಳಿಗೆ ಒಳಗೆ ಹೋದದ್ದನ್ನ ನೋಡಿದ್ಯಾ?"

ಲಕ್ಕಮ್ಮ ಯೋಚಿಸಿದಳು. "ಒಳಗಿಂದ ಒಗೆ ಬತ್ತಾ ಇತ್ತು ಸಾ. ನೀರು ಐತೆ, ಒಗೆ ಐತೆ, ಒಳಗೆ ಸುಣ್ಣ ಐತೆ ಅಂತ ಯಾರೋ ಕೂಗುದ್ರು. ಇನ್ನು ಇಣುಕಿ ನೋಡೋರ್ಯಾರು."

ಪಾಲಾಕ್ಷ ಎದ್ದು ಅಂಗಿಯ ಕೆಸರು ಒರೆಸಿಕೊಂಡ. ಇಡೀ ಊರಿನದು ಇದೇ ಸಾಕ್ಷಿ. ನೀರನ್ನು ಎಲ್ಲರೂ ನೋಡಿದ್ದರು, ಬೆಂಕಿಯನ್ನೂ ನೋಡಿದ್ದರು. ಎರಡರ ನಡುವಿನ ಹೊಸಿಲನ್ನು ಯಾರೂ ನೋಡಿರಲಿಲ್ಲ.

"ಮಧ್ಯಾನದ ರೈಲ್ಗೆ ನಮ್ಮೋರ್ನ ಹಾಸನಕ್ಕೆ ಕರ್ಕಂಡೋಯ್ತಾರಂತೆ," ಎಂದಳು ಲಕ್ಕಮ್ಮ. "ಓದ್ರೆ ಎಲ್ಡು ವರ್ಷ ಅಂತೆ. ದಿಟವಾ ಸಾ?"

"ಕೋರ್ಟು ಒಪ್ಪಿದ್ರೆ."

"ಆ ಗಂಟು ನಮ್ಮೋರು ಆಕಿದ್ದಲ್ಲ ಕಣ್ ಸಾ. ಹಗ್ಗ ನಾನೂ ನೋಡ್ದೆ. ನಮ್ಮೋರು ಗಂಟಾಕುದ್ರೆ ಹಲ್ಲಲ್ಲಿ ಕಚ್ಚಿ ಎಳುದ್ರೂ ಬರಾಕಿಲ್ಲ. ಅದು ಅವಸರದ ಗಂಟು."

"ಮತ್ತೆ ಅವನೇ 'ನಾನೇ ಕಟ್ಟಿದ್ದು' ಅಂತಾನಲ್ಲ."

"ಅದೇ ನಂಗೂ ಗೊತ್ತಾಗಾಕಿಲ್ಲ."

"ಮನೇಲಿ ಇನ್ಯಾರಿದ್ದಾರೆ?"

"ಮೈದ್ನ ಪುಟ್ಟರಾಜು. ನಾನು ಈ ಮನೆಗೆ ಬಂದಾಗ ಅಂಬೆಗಾಲಿಕ್ತಿದ್ದ. ನಾನೇ ಉಣ್ಸಿ ಬೆಳ್ಸಿವ್ನಿ." ಅವಳ ಮುಖ ಒಂದು ಗಳಿಗೆ ಹಗುರಾಯಿತು. "ಮಲ್ಲಿಪಟ್ಟಣಕ್ಕೆ ಎಣ್ಣು ನೋಡಾಕೆ ಓಗವ್ನೆ ಅಂತ ಬೆಳಗ್ಗೆ ನಮ್ಮೋರು ಯೋಳುದ್ರು. ಅಣ್ಣನ್ನ ಇಡ್ಕಂಡೋದ್ದು ಅವ್ನ್ಗೆ ಗೊತ್ತೂ ಇಲ್ಲ. ಗೊತ್ತಾದ್ರೆ ಓಡ್ ಬತ್ತಾನೆ."

ಪಾಲಾಕ್ಷ ಅವಳನ್ನು ಠಾಣೆಗೆ ಕಳಿಸಿ ಮಳಿಗೆಯೊಳಗೆ ಹೋದ.

ಒಳಗೆ ಸೂರಿರಲಿಲ್ಲ, ಆಕಾಶವಿತ್ತು. ಸುಟ್ಟ ಭತ್ತ, ಅರಳಿ ಬಿರಿದ ಸುಣ್ಣ, ತೊಲೆಗಳ ಇದ್ದಿಲು ಒಂದಾಗಿ ಬಿದ್ದಿದ್ದವು. ಹೊಳೆಯ ಕಡೆಯ ಹಿಂಗೋಡೆಗೆ ಒಂದು ಹೊನ್ನೆ ದಿಮ್ಮಿ ಇನ್ನೂ ಒರಗಿಕೊಂಡಿತ್ತು. ಅದು ಗುದ್ದಿದ ಕಡೆ ಗೋಡೆ ಒಳಗೆ ಉಬ್ಬಿತ್ತು, ಬಿರುಕು ಬಿಟ್ಟಿತ್ತು, ಬಿದ್ದಿರಲಿಲ್ಲ. ಪೇದೆ ರಾಮಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ರಾಗಿ ಜರಡಿಯಲ್ಲಿ ಬೂದಿ ಜಾಲಿಸುತ್ತಿದ್ದ. ಜರಡಿಯನ್ನು ಹೆಂಡತಿಗೆ ಹೇಳದೆ ತಂದಿದ್ದನಾದ್ದರಿಂದ ಅವನ ಮುಖ ಬೂದಿಗಿಂತ ಬಿಳುಚಿತ್ತು.

"ಎರಡನೇ ಸಲ ಜಾಲ್ಸಿದ್ದಾಯ್ತು ಸಾ. ನೀವು ಯೋಳಿದ್ದು ಸಿಗ್ನಿಲ್ಲ."

"ಹೆಣ ಬಿದ್ದಿದ್ದ ಜಾಗ ಇದೇ ತಾನೆ?"

"ಇದೇ ಸಾ. ಬಾಗಿಲ ತಾವೇ. ಬಾಗಿಲಿಗೆ ಒರಗ್ಕಂಡಂಗೆ ಇತ್ತು."

ಬೂದಿಯಲ್ಲಿ ಸಿಕ್ಕಿದ್ದು ಎರಡು. ಸುಣ್ಣದ ನಡುವಿನಿಂದ ಒಂದು ಮಡಕೆಯ ಕುತ್ತಿಗೆ. ಬಾಗಿಲ ಹತ್ತಿರ ಒಂದು ಕಬ್ಬಿಣದ ಬೀಗ. ಪಾಲಾಕ್ಷ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡನ್ನೂ ವಸ್ತ್ರದಲ್ಲಿ ಸುತ್ತಿಕೊಂಡು, ರಾಮಣ್ಣನನ್ನು ಕರೆದುಕೊಂಡು, ಪಂಚಾಕ್ಷರಯ್ಯನವರ ಮನೆಯ ಕಡೆ ನಡೆದ.

*

ಪಂಚಾಕ್ಷರಯ್ಯನವರು ಜಗಲಿಯ ಮೇಲೆ ವಿಭೂತಿ ಧರಿಸಿ ಕುಳಿತಿದ್ದರು. ಭತ್ತದ ವ್ಯಾಪಾರ ಅಜ್ಜನ ಕಾಲದ್ದು, ಸುಣ್ಣದ ವ್ಯಾಪಾರ ಈ ವರ್ಷದ್ದು. ಪೇಟೆಯೊಳಗೆ ಸುಟ್ಟ ಸುಣ್ಣ ಕೂಡಿಡಬಾರದೆಂದು ಪುರಸಭೆ ಡಂಗುರ ಹೊಡೆಸಿತ್ತು. ಆದ್ದರಿಂದ ಅವರ ಸುಣ್ಣ ಭತ್ತದ ಮೂಟೆಗಳ ಹಿಂದೆ, ಚಾಪೆಯ ಕೆಳಗೆ, ಯಾರಿಗೂ ಗೊತ್ತಾಗದಂತೆ ಬೆಳೆದಿತ್ತು. ಬೆಂಕಿ ಹತ್ತಿದ ಮೇಲೆ ಊರಿಗೆಲ್ಲ ಗೊತ್ತಾಯಿತು.

ಪಕ್ಕದಲ್ಲಿ ಹಾಸನದ ಪ್ಲೀಡರು ಚಂದ್ರಶೇಖರಯ್ಯ. ಬೆಳಗಿನ ರೈಲಿಗೇ ಬಂದಿಳಿದಿದ್ದರು. ಮಾತು ಸೊಗಸು, ಕೋಟೂ ಸೊಗಸು.

"ಬನ್ನಿ ಪಾಲಾಕ್ಷಪ್ಪನವರೇ. ನಿಮ್ಮ ಆಸಾಮಿಯನ್ನ ಇನ್ನೂ ಹಾಸನಕ್ಕೆ ಕಳಿಸಲಿಲ್ಲವಂತೆ?"

"ಒಂದು ಸಂಶಯ ಉಳಿದಿದೆ. ದೋಣಿ ಬಿಚ್ಚಿಕೊಂಡರೆ ಮಳಿಗೆ ಸುಟ್ಟೀತು ಅಂತ ಕೆಂಪಣ್ಣನಿಗೆ ಕನಸು ಬಿದ್ದಿತ್ತೇ?"

ಪ್ಲೀಡರಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. ಕಾಲು ಮಡಿಸಿ ಸರಿಯಾಗಿ ಕುಳಿತರು.

"ವಿಲಾಯತಿಯಲ್ಲಿ ಒಂದು ಹಡಗಿನ ಕೇಸಾಯಿತು. ಬಂದರಿನಲ್ಲಿ ಸರಕು ಇಳಿಸುವಾಗ ಕೂಲಿಯವರು ಒಂದು ಹಲಗೆ ಬೀಳಿಸಿದರು. ಹಡಗಿನ ಹೊಟ್ಟೆಯಲ್ಲಿ ಪೆಟ್ರೋಲಿನ ಆವಿ ತುಂಬಿತ್ತು. ಹಲಗೆ ಬಿದ್ದ ಏಟಿಗೆ ಕಿಡಿ ಹಾರಿ ಇಡೀ ಹಡಗು ಭಸ್ಮವಾಯಿತು. ಹಲಗೆ ಬಿದ್ದರೆ ಹಡಗು ಉರಿದೀತು ಅಂತ ಯಾರಾದರೂ ಎಣಿಸುತ್ತಾರೆಯೇ? ಎಣಿಸುವುದಿಲ್ಲ. ಆದರೂ ಕೋರ್ಟು ಏನು ಹೇಳಿತು? ಎಣಿಸಿದ್ದೆಯೋ ಇಲ್ಲವೋ ಅದು ನಮಗೆ ಬೇಡ. ಅಜಾಗರೂಕತೆ ನಿನ್ನದು, ಅದರಿಂದ ನೇರವಾಗಿ ಆದ ಕೇಡೆಲ್ಲ ನಿನ್ನದು ಅಂತ ಹೇಳಿತು."

"ಅದು ನಷ್ಟ ತುಂಬಿಕೊಡುವ ಮಾತು. ಹಲಗೆ ಬೀಳಿಸಿದವನನ್ನು ಜೈಲಿಗೆ ಹಾಕಿದರೇ?"

"ಅಲ್ಲಿ ಸುಟ್ಟದ್ದು ಹಡಗು. ಇಲ್ಲಿ ಸುಟ್ಟದ್ದು ಮನುಷ್ಯ."

ಪಂಚಾಕ್ಷರಯ್ಯನವರು ನಿಟ್ಟುಸಿರಿಟ್ಟರು. "ಪಾಪ, ಗುಂಡಯ್ಯ. ನಮ್ಮ ಮನೆಯ ಅನ್ನ ಉಂಡು ಬೆಳೆದವನು."

"ಬೀದಿಯ ನೀರು ನಿಮ್ಮ ಮಳಿಗೆಯೊಳಗೆ ಹೋಗಲೇ ಇಲ್ಲ, ಯಜಮಾನರೇ," ಎಂದ ಪಾಲಾಕ್ಷ.

ಪ್ಲೀಡರು ಮಡಿಸಿದ್ದ ಕಾಲನ್ನು ಕೆಳಗಿಳಿಸಿದರು.

"ಗೋಡಿನ ಗೆರೆ ಹೊಸಿಲಿಗಿಂತ ಒಂದು ಗೇಣು ಕೆಳಗಿದೆ. ನೀವೇ ಬಂದು ಗೇಣು ಹಾಕಿ ನೋಡಬಹುದು. ಕೆಂಪಣ್ಣನ ದೋಣಿ ನಾಲ್ಕು ಮನೆ ಮುಳುಗಿಸಿತು, ನಿಜ. ಅದಕ್ಕೆ ಅವನು ಹೊಣೆಯಾಗಲಿ. ನಿಮ್ಮ ಸರಪಳಿ ಮಾತ್ರ ಹೊಸಿಲ ಹತ್ತಿರ ಕಡಿದುಹೋಗಿದೆ." ವಸ್ತ್ರ ಬಿಚ್ಚಿ ಮಡಕೆಯ ಕುತ್ತಿಗೆಯನ್ನು ಮುಂದಿಟ್ಟ. "ಇದು ಸುಣ್ಣದ ನಡುವೆ ಸಿಕ್ಕಿತು. ಸುಟ್ಟ ಸುಣ್ಣ ಇರುವ ಕಡೆ ನೀರಿನ ಮಡಕೆಗೇನು ಕೆಲಸ?"

"ಅದು ನಾನಿಟ್ಟದ್ದು."

ಮಾತು ಬಾಗಿಲ ಮರೆಯಿಂದ ಬಂದಿತ್ತು. ಪಂಚಾಕ್ಷರಯ್ಯನವರ ಹೆಂಡತಿ ದಾಕ್ಷಾಯಣಮ್ಮನವರು ಹೊರಗೆ ಬಂದು ಕಂಬ ಹಿಡಿದು ನಿಂತರು. ಕಣ್ಣು ಕೆಂಪಾಗಿದ್ದವು.

"ನೀನು ಒಳಗೆ ನಡಿ," ಎಂದರು ಗಂಡ.

"ನಡೀತೀನಿ. ಹೇಳಿ ನಡೀತೀನಿ. ಎರಡು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ ನನಗೆ." ಆಕೆ ಪಾಲಾಕ್ಷನ ಕಡೆ ತಿರುಗಿದರು. "ಹೊಳೆಗೆ ಹೊಸನೀರು ಬಂದ ದಿನ ಮೊದಲ ಕೆಂಪು ನೀರನ್ನ ಒಂದು ಮಡಕೇಲಿ ತಂದು ಭತ್ತದ ಮೂಟೆ ಮೇಲೆ ಇಡೋದು ನಮ್ಮ ಅತ್ತೆ ಕಾಲದ ಪದ್ಧತಿ. ಹೊಳೆ ಇಳಿಯೋವರೆಗೂ ತೆಗೀಬಾರದು. ಮೊನ್ನೆ ಬೆಳಗ್ಗೆ ಹೋದೆ. ಈಶಾನ್ಯದ ಮೂಲೇಲಿ ಪ್ರತಿ ವರ್ಷ ಇಡೋ ಜಾಗ. ಚಾಪೆ ಮುಚ್ಚಿತ್ತು. ಭತ್ತ ಅಂದುಕೊಂಡೇ ಇಟ್ಟೆ ಕಣಪ್ಪಾ. ಕೆಳಗೆ ಸುಣ್ಣ ಇದೆ ಅಂತ ನನಗ್ಯಾರು ಹೇಳಿದ್ರು?"

ಕೊನೆಯ ಮಾತು ಗಂಡನಿಗೆ. ಪಂಚಾಕ್ಷರಯ್ಯನವರು ಎದುರು ಗೋಡೆ ನೋಡುತ್ತಿದ್ದರು.

"ಆಗ ಗುಂಡಯ್ಯ ಇದ್ದನೇ ತಾಯಿ?"

"ಇದ್ದ. ಮಡಕೆ ನೋಡಿ ಒಂದು ಗಳಿಗೆ ತಡೆದ. ಆಮೇಲೆ ನನ್ನ ಕೈಯಿಂದ ಇಸ್ಕೊಂಡು ತಾನೇ ಮೇಲೆ ಹತ್ತಿ ಇಟ್ಟ."

ಪಾಲಾಕ್ಷ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿರುವಾಗಲೇ ಪ್ಲೀಡರು ತೊಡೆ ತಟ್ಟಿದರು.

"ಸರಿಹೋಯಿತು. ದಿಮ್ಮಿ ಹಿಂಗೋಡೆಗೆ ಗುದ್ದಿದ್ದನ್ನು ಊರೇ ನೋಡಿದೆ. ಗೋಡೆ ಅದುರಿತು, ಮಡಕೆ ಉರುಳಿತು, ಸುಣ್ಣ ಕುದಿಯಿತು. ದಿಮ್ಮಿ ಬಿಡಿಸಿದ್ದು ಯಾವುದು? ದೋಣಿ. ದೋಣಿ ಬಿಟ್ಟವನು ಯಾರು? ಕೆಂಪಣ್ಣ. ನೀರು ಬಾಗಿಲಿಂದ ಬಂದರೇನು, ಮಡಕೆಯಿಂದ ಬಂದರೇನು? ನೀವು ಕಡಿದ ಸರಪಳಿಯನ್ನು ಅಮ್ಮನವರು ಬೆಸೆದುಕೊಟ್ಟರು."

ಪಾಲಾಕ್ಷ ಕೆಸರಿನಲ್ಲಿ ಹೊರಳಿ ಗಳಿಸಿದ್ದು ಒಂದೇ ಮಾತಿನಲ್ಲಿ ಹೋಗಿತ್ತು. ಈ ಮಾತು ಹಾಸನದ ಕೋರ್ಟಿನಲ್ಲಿ ನಿಲ್ಲುತ್ತದೆ, ಕೆಂಪಣ್ಣ ಒಳಗೆ ಹೋಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೂ ವಿಲಾಯತಿಯಿಂದ ಆಧಾರ ತರಿಸುವ ಕಾಲ ಬಂತಲ್ಲ ಎಂದು ಅವನಿಗೆ ರೇಗಿತು.

"ಬಚ್ಚಿಟ್ಟ ಸುಣ್ಣವೂ ಆ ಸರಪಳಿಯ ಕೊಂಡಿಯೇ ಅಲ್ಲವೇ? ಅದು ಯಾರದು?"

"ಅದಕ್ಕೆ ಪುರಸಭೆ ದಂಡ ಹಾಕುತ್ತದೆ. ನಮ್ಮ ಯಜಮಾನರು ಕಟ್ಟುತ್ತಾರೆ."

"ಸರಿ. ಹಾಗಾದರೆ ಇದಕ್ಕೆ?"

ಪಾಲಾಕ್ಷ ಬೀಗವನ್ನು ಜಗಲಿಯ ಮೇಲಿಟ್ಟ. ಅದು ಬೀಗದಕೈ ತಿರುಗಿಸದೆ ಹಾಕಲಾಗದ ಹಳೆಯ ಬೀಗ. ಬೆಂಕಿಗೆ ಕಪ್ಪಾಗಿದ್ದರೂ ಹಾಕಿದ ಹಾಗೇ ಇತ್ತು; ಬಾಗಿಲಿನ ಚಿಲಕದ ಕೊಂಡಿಯೂ ಅದರೊಳಗೇ ಸಿಕ್ಕಿಕೊಂಡಿತ್ತು.

"ಈ ಬೀಗಕ್ಕೆ ಕೈ ಎಷ್ಟು, ಯಜಮಾನರೇ?"

"ಎರಡು. ನನ್ನ ಹತ್ತಿರ ಒಂದು, ಗುಂಡಯ್ಯನ ಹತ್ತಿರ ಒಂದು."

"ಮೊನ್ನೆ ಸಂಜೆ ನಿಮ್ಮದು ಎಲ್ಲಿತ್ತು?"

"ಇನ್ನೆಲ್ಲಿರುತ್ತೆ?" ಪಂಚಾಕ್ಷರಯ್ಯನವರು ಉಡಿದಾರಕ್ಕೆ ಕಟ್ಟಿದ್ದ ಬೀಗದಕೈಯನ್ನು ತಟ್ಟಿ ತೋರಿಸಿದರು. "ಇದು ನನ್ನ ಸೊಂಟ ಬಿಟ್ಟು ಹೋದದ್ದೇ ಇಲ್ಲ. ಇಪ್ಪತ್ತು ವರ್ಷದ ಅಭ್ಯಾಸ."

"ಒಳ್ಳೆಯ ಅಭ್ಯಾಸ," ಎಂದ ಪಾಲಾಕ್ಷ. "ಆ ಮಳಿಗೆಗೆ ಬಾಗಿಲು ಒಂದೇ. ಬೀಗ ಹೊರಗಡೆಯಿಂದ ಹಾಕಿತ್ತು. ಒಳಗಿದ್ದವನು ಬಾಗಿಲಿಗೆ ಒರಗಿ ಸತ್ತಿದ್ದ. ಬಡಿದಿರಬೇಕು, ಕೂಗಿರಬೇಕು, ಬೀದಿಯ ಗಲಾಟೆಯಲ್ಲಿ ಯಾರಿಗೂ ಕೇಳಿಸಿಲ್ಲ."

ದಾಕ್ಷಾಯಣಮ್ಮನವರು ಬಾಯಿಗೆ ಸೆರಗು ಒತ್ತಿಕೊಂಡರು.

"ಈಗ ನೀವೇ ಹೇಳಿ. ಒಳಗೆ ಸತ್ತವನು ಗುಂಡಯ್ಯನಾದರೆ ಬೀಗ ಹಾಕಿದವರು ನೀವು. ಇನ್ನೊಂದು ಬೀಗದಕೈ ಇದ್ದದ್ದು ನಿಮ್ಮ ಸೊಂಟದಲ್ಲಿ ಮಾತ್ರ."

"ಕಾವಿಗೆ ಬೀಗ ತಾನಾಗೇ..."

"ಕಾವಿಗೆ ಬೀಗ ಕರಗಬಹುದು. ಎದ್ದು ಹೋಗಿ ಚಿಲಕಕ್ಕೆ ಕೂತುಕೊಳ್ಳೋದಿಲ್ಲ."

ಪಂಚಾಕ್ಷರಯ್ಯನವರ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಗಿ ಹುಬ್ಬಿಗೆ ಇಳಿಯಿತು. ಪಾಲಾಕ್ಷನಿಗೆ ಅವರ ಮೇಲೆ ಕನಿಕರ ಬರಲಿಲ್ಲ. ಬಾಗಿಲಿಗೆ ಒರಗಿದ್ದ ಆ ಕಪ್ಪು ಆಕಾರವನ್ನು ಅವನು ನೋಡಿದ್ದ.

"ನಾನು ಬೀಗ ಹಾಕಿಲ್ಲ. ನಮ್ಮಪ್ಪನಾಣೆಗೂ ಹಾಕಿಲ್ಲ."

"ನಂಬೋಣ. ಹಾಗಾದರೆ ಹಾಕಿದವನು ಗುಂಡಯ್ಯ. ಬೀಗ ಹಾಕಿದವನು ಹೊರಗಿದ್ದ ಅಂದಮೇಲೆ ಒಳಗೆ ಸತ್ತವನು ಯಾರು?"

ಚಂದ್ರಶೇಖರಯ್ಯನವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದರು.

ಪಾಲಾಕ್ಷ ಅಂಗಿಯ ಮೇಲಿನಿಂದಲೇ ತನ್ನ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. "ನಾನೂ ಲಿಂಗ ಕಟ್ಟಿದವನೇ. ಗುಂಡಯ್ಯ ಮೂರು ಹೊತ್ತೂ ಪೂಜೆ ಮಾಡುತ್ತಿದ್ದ, ಲಿಂಗ ಬಿಟ್ಟು ಒಂದು ಗಳಿಗೆ ಇದ್ದವನಲ್ಲ ಅಂತ ಕೇರಿಯವರೆಲ್ಲ ಹೇಳುತ್ತಾರೆ. ನಾನು ಸೇತುವೆಯ ಹತ್ತಿರ ದಿಮ್ಮಿ ತೆಗೆಸುತ್ತಿದ್ದಾಗ ನೀವು ಅವಸರದಲ್ಲಿ ಸಮಾಧಿ ಮಾಡಿಸಿದಿರಿ. ಅಂಗೈಯಲ್ಲಿ ಯಾವ ಲಿಂಗ ಇಟ್ಟಿರಿ?"

"ಸಂಸ್ಕಾರ ಮಾಡಿಸಿದ ಅಯ್ಯನವರು ರುದ್ರಯ್ಯ ಹೊಸದೊಂದು ತಂದರು." ಸಾಹುಕಾರರ ದನಿ ಬಾವಿಯೊಳಗಿಂದ ಬಂದಂತಿತ್ತು. "ಅವನದು ಸುಟ್ಟುಹೋಗಿತ್ತು."

"ಬೆಳ್ಳಿಯ ಕರಡಿಗೆ ಕರಗೀತು. ಲಿಂಗದ ಮೇಲಿನ ಕರಿ ಲೇಪದ ಕಂತೆ ಸುಟ್ಟೀತು. ಒಳಗಿನ ಕಲ್ಲು ಸುಡುತ್ತದೆಯೇ ಯಜಮಾನರೇ? ಹೆಣ ಬಿದ್ದ ಜಾಗವನ್ನು ರಾಗಿ ಜರಡಿಯಲ್ಲಿ ಎರಡು ಸಲ ಜಾಲಿಸಿದ್ದೇವೆ. ಕಲ್ಲೂ ಇಲ್ಲ, ಬೆಳ್ಳಿಯ ಗಡ್ಡೆಯೂ ಇಲ್ಲ. ಇದ್ದದ್ದು ಹೆಣದ ಕೈಯಲ್ಲಿ ಒಂದು ತಾಮ್ರದ ಕಡಗ. ಅದನ್ನು ನೋಡಿಯೇ ಗುಂಡಯ್ಯ ಅಂತ ನೀವು ಗುರುತು ಹೇಳಿದಿರಿ."

"ಕಡಗವೇ?" ದಾಕ್ಷಾಯಣಮ್ಮನವರು ಗಂಡನ ಕಡೆ ನೋಡಿದರು. "ಗುಂಡಯ್ಯ ಕೈಗೆ ಕಡಗ ಹಾಕಿದ್ದನ್ನ ನಾನು ಒಂದು ದಿನವೂ ಕಂಡಿಲ್ಲವಲ್ಲ. ನೀವು ಯಾವಾಗ ಕಂಡ್ರಿ?"

ಪಂಚಾಕ್ಷರಯ್ಯನವರು ಬಾಯಿ ತೆರೆದು ಪ್ಲೀಡರ ಕಡೆ ನೋಡಿದರು. ವಿಲಾಯತಿಯ ಹಡಗಿನ ಬಗ್ಗೆ ಅಷ್ಟೆಲ್ಲ ತಿಳಿದಿದ್ದ ಪ್ಲೀಡರಿಗೆ ಈ ಕಡಗದ ಬಗ್ಗೆ ಏನೂ ತಿಳಿದಿರಲಿಲ್ಲ.

"ನನ್ನ ಕಕ್ಷಿಗಾರರು ಇವತ್ತು ಇನ್ನೇನೂ ಹೇಳುವುದಿಲ್ಲ," ಎಂದರು ಕೊನೆಗೆ.

"ಬೇಡ," ಎಂದ ಪಾಲಾಕ್ಷ. "ರಾಮಣ್ಣ, ನೀನು ಈ ಬಾಗಿಲಲ್ಲೇ ನಿಂತಿರು. ಯಜಮಾನರು ಮನೆ ಬಿಟ್ಟು ಎಲ್ಲಿಗೂ ಹೋಗಬಾರದು."

*

ಠಾಣೆಗೆ ಬಂದಾಗ ಲಕ್ಕಮ್ಮ ಲಾಕಪ್ಪಿನ ಕಂಬಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮುದ್ದೆಯ ಗಂಟು ಬಿಚ್ಚಿರಲಿಲ್ಲ. ಕೆಂಪಣ್ಣ ಆಕೆಗೆ ಬೆನ್ನು ಹಾಕಿ ಕುಳಿತಿದ್ದ. ಹೊಲ, ಹೊಳೆ ಎರಡನ್ನೂ ದುಡಿದ ಅಗಲವಾದ ಬೆನ್ನು. ಕಡವಿನ ದೋಣಿಗೆ ಅವನು ಕೈ ಹಾಕಿದ ಮೇಲೆ ಒಂದು ಮಗುವೂ ನೀರು ಪಾಲಾಗಿರಲಿಲ್ಲವೆಂದು ಊರವರು ಹೇಳುತ್ತಿದ್ದರು. ಮೊನ್ನೆಯಿಂದ ಹೇಳುವುದನ್ನು ಬಿಟ್ಟಿದ್ದರು.

"ಊಟ ಒಲ್ಲೆ ಅಂತಾರೆ ಸಾ. ನನ್ ಮಖನೂ ನೋಡಾಕಿಲ್ಲ."

ಪಾಲಾಕ್ಷ ಟೋಪಿ ತೆಗೆದು ಕಂಬಿಯ ಈಚೆ ನೆಲದ ಮೇಲೇ ಕುಳಿತ.

"ಕೆಂಪಣ್ಣ, ನೀನು ಇವತ್ತು ಹಾಸನಕ್ಕೆ ಹೋಗಬೇಕಾಗಿಲ್ಲ."

ಕೆಂಪಣ್ಣ ತಿರುಗಿದ. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ, ಗಾಬರಿ ಕಂಡಿತು. "ಯಾಕ್ ಸಾ? ಓಯ್ತೀನಿ. ದೋಣಿ ಕಟ್ಟಿದ್ದು ನಾನು, ಬಿಚ್ಕಂಡಿದ್ದು ನನ್ ತಪ್ಪು. ಬರೆದದ್ದಕ್ಕೆ ಎಬ್ಬೆಟ್ ಒತ್ತಿವ್ನಿ. ಕಳ್ಸಿಬುಡಿ."

"ಬಿಡ್ತೀನಿ ಅಂದ್ರೆ ಹೆದರೋ ಕೈದಿಯನ್ನ ನಾನು ನೋಡಿಲ್ಲ. ಯಾರನ್ನ ಕಾಪಾಡ್ತಿದೀಯ?"

"ಯಾರ್ನೂ ಇಲ್ಲ ಸಾ."

"ಗುಂಡಯ್ಯ ಸತ್ತಿಲ್ಲ, ಕೆಂಪಣ್ಣ."

ಈ ಮಾತಿಗೆ ಕೆಂಪಣ್ಣ ಬೆಚ್ಚಲಿಲ್ಲ. ಕಣ್ಣು ಕೆಳಗೆ ಹಾಕಿದ. ಬೆಚ್ಚದಿದ್ದದ್ದೇ ಪಾಲಾಕ್ಷನಿಗೆ ಸೋಜಿಗವಾಯಿತು.

ಅವನು ಎದ್ದು ಪೆಟ್ಟಿಗೆ ತೆಗೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಕಡಗವನ್ನು ತಂದು ಕಂಬಿಯ ಸಂದಿಯಿಂದ ಕೊಟ್ಟ. ಬೆಂಕಿಗೆ ಸೊಟ್ಟಗಾಗಿ ಮಸಿ ಹಿಡಿದಿತ್ತು. "ಒಳಗೆ ಸತ್ತವನ ಕೈಯಲ್ಲಿ ಇದ್ದದ್ದು. ಗುಂಡಯ್ಯನದಲ್ಲ. ಯಾರದು ಅಂತ ಊರಲ್ಲಿ ವಿಚಾರಿಸಬೇಕು. ಕಡವಿನಲ್ಲಿ ದಿನಾ ನೂರು ಕೈ ನೋಡ್ತೀಯಲ್ಲ, ನಿನಗೇನಾದರೂ ಗುರುತು ಸಿಗುತ್ತಾ ನೋಡು."

ಕೆಂಪಣ್ಣ ತೆಗೆದುಕೊಂಡ. ಹೆಬ್ಬೆರಳಿನಿಂದ ಮಸಿ ಒರೆಸಿದ. ಒಳಮೈಯಲ್ಲಿ ಉಳಿಯಿಂದ ಕೊರೆದ ಪುಟ್ಟದೊಂದು ಮೀನು ಇತ್ತು. ಅವನ ಹೆಬ್ಬೆರಳು ಅಲ್ಲೇ ನಿಂತಿತು.

"ಎಲ್ ಸಿಕ್ತು ಅಂದ್ರಿ?"

"ಸತ್ತವನ ಕೈಯಲ್ಲಿ."

"ಇಲ್ಲ ಸಾ," ಎಂದ ಕೆಂಪಣ್ಣ, ಮಗುವಿಗೆ ತಿಳಿಹೇಳುವವನ ಹಾಗೆ. "ಅವ್ನು ಮಲ್ಲಿಪಟ್ಟಣದಲ್ಲವ್ನೆ."

ಲಕ್ಕಮ್ಮ ಕಂಬಿಯೊಳಗೆ ಕೈ ತೂರಿಸಿ ಕಡಗವನ್ನು ಕಿತ್ತುಕೊಂಡಳು. ನೋಡಿದಳು. ಹಾಗೇ ಗೋಡೆಗೆ ಒರಗಿ ಜಾರಿ ಕೂತಳು. ಮಡಿಲಲ್ಲಿದ್ದ ಮುದ್ದೆಯ ಗಂಟು ಉರುಳಿ ನೆಲಕ್ಕೆ ಬಿತ್ತು.

"ನೀರಿನ ಕಂಟಕ ಕಳೀಲಿ ಅಂತ ಗಂಗಮ್ಮನ್ಗೆ ಅರಕೆ ಕಟ್ಕಂಡು ನಾನೇ ಆಕಿದ್ದು ಸಾ," ಎಂದ ಕೆಂಪಣ್ಣ. "ಆಗ ಅವ್ನು ಈಟುದ್ದ ಇದ್ದ. ಹೊಸದಾಗಿ ದೋಣಿ ಅತ್ತುತಿದ್ದ. ಬೆಂಕಿಗೆ ಅಂತ ಏನೂ ಆಕಿರ್ನಿಲ್ಲ."

ಪಾಲಾಕ್ಷ ಲಕ್ಕಮ್ಮನ ಕಡೆ ನೋಡಿದ. ತಮ್ಮ, ಪುಟ್ಟರಾಜು. ಈ ಹೆಣ್ಣು ಉಣಿಸಿ ಬೆಳೆಸಿದ ಹುಡುಗ. ಹಗ್ಗಕ್ಕೆ ಅವಸರದ ಗಂಟು ಹಾಕಿದವನು ಅವನೇ ಇರಬೇಕು, ಅವನೇ ಹೆಣವಾಗಿದ್ದ.

"ದೋಣಿ ಅವನ ಕೈಲಿತ್ತಾ?"

"ಊಂ. ಆಚೆ ದಡದಿಂದ ಸಾವ್ಕಾರ್ರ ಮೂಟೆ ತಂದು ಮಳಿಗೇಲಿ ಆಕಾಕೆ ತಗಂಡೋಗಿದ್ದ. ಮೊನ್ನೆಯೇ ಕೊನೇ ಸಲ, ಇನ್ ತರಾಕಿಲ್ಲ ಅಂದಿದ್ದ. ಹೊಳೆ ಏರ್ತಾ ಅದೆ, ಬ್ಯಾಡ ಕಣ್ಲಾ ಅಂದೆ. ಕೇಳ್ನಿಲ್ಲ. ಮದುವೆಗೆ ಅತ್ತಿಗೆಗೊಂದು ಸೀರೆ ತರ್ಬೇಕು ಅಂದ." ಕೆಂಪಣ್ಣ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ. "ದೋಣಿ ಬಿಚ್ಕಂಡ ಮ್ಯಾಕೆ ಅವ್ನು ಕಾಣ್ನಿಲ್ಲ. ಎದ್ರಿ ಓಡೋಗವ್ನೆ ಅಂದ್ಕಂಡೆ. ಮದುವೆ ಆಗೋ ಉಡ್ಗ ಜೈಲಿಗೋದ್ರೆ ಎಣ್ಣು ಕೊಡೋರ್ಯಾರು? ಅದ್ಕೇ ನಾನೇ ಅಂತ ಒಪ್ಕಂಡೆ."

"ಮಲ್ಲಿಪಟ್ಟಣದಲ್ಲವ್ನೆ ಅಂದ್ರಲ್ಲ ನೀವು," ಎಂದಳು ಲಕ್ಕಮ್ಮ ನೆಲದಿಂದಲೇ. ಅವಳು ಗಂಡನನ್ನು ನೋಡುತ್ತಿರಲಿಲ್ಲ, ಕಡಗವನ್ನು ನೋಡುತ್ತಿದ್ದಳು. "ಬೆಳಗ್ಗೆ ಇದೇ ಬಾಯಲ್ಲಿ ಅಂದ್ರಲ್ಲ. ಸುಖವಾಗವ್ನೆ ಅಂದ್ರಲ್ಲ."

ಕೆಂಪಣ್ಣ ಹಣೆಯನ್ನು ಕಂಬಿಗೆ ಒತ್ತಿಕೊಂಡು ನಿಂತ.

ಪಾಲಾಕ್ಷ ಕಂಬಿಯ ಹತ್ತಿರ ಹೋದ. "ಕೆಂಪಣ್ಣ, ಇಲ್ಲಿ ನೋಡು. ನೀನು ಮೊನ್ನೆ ಸಂಜೆಯಿಂದ ಈ ಕೋಣೇಲಿ ಇದೀಯ. ಅವನು ಮಲ್ಲಿಪಟ್ಟಣದಲ್ಲಿದಾನೆ ಅಂತ ನಿನಗೆ ಹೇಳಿದ್ದು ಯಾರು?"

ಕೆಂಪಣ್ಣ ತಲೆ ಎತ್ತಿ, ಲಾಕಪ್ಪಿನ ಹಿಂದಿನ ಗೋಡೆಯಲ್ಲಿದ್ದ ಕೈಯಗಲದ ಕಿಟಕಿಯ ಕಡೆ ನೋಡಿದ.

"ಗುಂಡಯ್ಯನೋರು ಸಾ. ನೆನ್ನೆ ಸಂಜೆ ಅಲ್ಲಿ ನಿಂತ್ಕಂಡು ಅವ್ರೇ ಯೋಳುದ್ರು. 'ನಿನ್ ತಮ್ಮನ್ನ ನಾನೇ ಭದ್ರವಾಗಿ ಇಟ್ಟಿವ್ನಿ, ನೀನು ಬಾಯ್ ಬುಡಬ್ಯಾಡ' ಅಂದ್ರು."